ಆಪರೇಷನ್ ಆದ ಮಾರನೇ ರಾತ್ರಿ ಅವ್ವ ನನ್ನನ್ನೇ ಯಾರೆಂದು ಕೇಳಿದರು

ಪ್ರಶ್ನೆ: ನಮ್ಮದು ನಾಪೋಕ್ಲು ಹತ್ತಿರ. ಅವ್ವನಿಗೆ 78 ವರ್ಷ. ಕಾಫಿ ಒಣಗಿಸುವ ಕಣದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಮೊದಲು ಮಡಿಕೇರಿಯಲ್ಲಿ ತೋರಿಸಿ ಅಲ್ಲಿಂದ ಮೈಸೂರಿಗೆ ಕರೆದುಕೊಂಡು ಹೋದೆವು. ಮೂರನೇ ದಿನ ಆಪರೇಷನ್ ಆಯಿತು. ಮಾರನೇ ರಾತ್ರಿಯಿಂದ ಶುರುವಾಯಿತು ನೋಡಿ. "ದನ ಕಟ್ಟಿಲ್ಲ, ಕಣದಲ್ಲಿ ಕಾಫಿ ನೆನೆಯುತ್ತೆ, ನನ್ನ ಬಿಡಿ" ಎಂದು ಕೂಗಾಡಿದರು. ನನ್ನನ್ನೇ ನೀನು ಯಾರು ಅಂದರು. ಡ್ರಿಪ್ ಕಿತ್ತು ಹಾಕಿದರು. ಕೈ ಕಟ್ಟಿ, ಇಂಜೆಕ್ಷನ್ ಕೊಟ್ಟು ಮಲಗಿಸಿದರು. ಬೆಳಿಗ್ಗೆ ಸರಿಯಾಗಿ ಮಾತಾಡಿದರು, ಸಂಜೆ ಮತ್ತೆ ಅದೇ. ಈಗ ಮನೆಗೆ ಬಂದು ಮೂರು ವಾರ ಆಯಿತು. ಹಗಲು ಚೆನ್ನಾಗಿದ್ದಾರೆ, ಮುಸ್ಸಂಜೆಗೆ ಮಾತ್ರ ಸ್ವಲ್ಪ ಗೊಂದಲ. ಬೆನ್ನಿಗೆ ಕೊಟ್ಟ ಇಂಜೆಕ್ಷನ್‌ನಿಂದ ಹೀಗಾಯಿತು, ಪೂರ್ತಿ ಪ್ರಜ್ಞೆ ತಪ್ಪಿಸಿ ಮಾಡಿಸಬೇಕಿತ್ತು ಅಂತ ಕೆಲವರು ಹೇಳುತ್ತಾರೆ. ಗಾಳಿ ಸೋಕಿದೆ ಅಂತ ಇನ್ನು ಕೆಲವರು. ಇದು ಹುಚ್ಚಿನ ಶುರುವಾ? ಕಣ್ಣಿನ ಪೊರೆಯ ಆಪರೇಷನ್ ಬಾಕಿ ಇದೆ. ಮಾಡಿಸಬಹುದಾ?

ಉತ್ತರ:

ಆ ರಾತ್ರಿ ಅವ್ವ ನಿಮ್ಮ ಗುರುತು ಹಿಡಿಯಲಿಲ್ಲ ಎಂಬ ನೋವು ನಿಮಗೆ ಇನ್ನೂ ಹೋಗಿಲ್ಲ. ಅದು ಅವ್ವನ ಮನಸ್ಸಿನ ಮಾತಲ್ಲ, ಕಾಯಿಲೆಯ ಮಾತು. ಹುಚ್ಚಲ್ಲ, ಗಾಳಿಯೂ ಅಲ್ಲ. ಹಿಂದೆ ವಿಷಮಶೀತ ಜ್ವರ ಏರಿದಾಗ ಜನ ಹಾಸಿಗೆಯಲ್ಲಿ ಬಡಬಡಿಸುತ್ತಿದ್ದರಲ್ಲ, ಅದಕ್ಕೆ ಹಿರಿಯರು "ಸನ್ನಿ ಹಿಡಿದಿದೆ" ಅನ್ನುತ್ತಿದ್ದರು. ಅದೇ ಇದು. ಆಸ್ಪತ್ರೆಯ ಚೀಟಿಯಲ್ಲಿ ಡೆಲಿರಿಯಂ ಎಂದು ಬರೆದಿರಬಹುದು.

ದೇಹಕ್ಕೆ ದೊಡ್ಡ ಪೆಟ್ಟು ಬಿದ್ದಾಗ ಮಿದುಳು ತಾತ್ಕಾಲಿಕವಾಗಿ ಹಿಡಿತ ತಪ್ಪುವುದೇ ಸನ್ನಿ. ಸೊಂಟದ ಮೂಳೆ ಮುರಿದರೆ ಒಳಗೆ ರಕ್ತ ಹೋಗುತ್ತದೆ, ಉರಿಯೂತ ಏರುತ್ತದೆ, ನೋವು ಇರುತ್ತದೆ, ನಿದ್ದೆ ಇರುವುದಿಲ್ಲ. ನಲವತ್ತರ ಮಿದುಳು ಇದನ್ನೆಲ್ಲ ತಡೆದುಕೊಳ್ಳುತ್ತದೆ. ಎಪ್ಪತ್ತೆಂಟರ ಮಿದುಳಿಗೆ ಅಷ್ಟು ದಾಸ್ತಾನು ಇರುವುದಿಲ್ಲ. "ಅರವತ್ತಕ್ಕೆ ಅರಳುಮರಳು" ಅನ್ನುತ್ತೇವಲ್ಲ, ಸನ್ನಿ ಅದೂ ಅಲ್ಲ. ಮರೆವಿನ ಕಾಯಿಲೆ ತಿಂಗಳು, ವರ್ಷಗಳಲ್ಲಿ ನಿಧಾನವಾಗಿ ಬರುತ್ತದೆ. ಸನ್ನಿ ಗಂಟೆಗಳಲ್ಲಿ ಬರುತ್ತದೆ. ಬೆಳಿಗ್ಗೆ ಇಳಿದು ಸಂಜೆ ಏರುತ್ತದೆ. ನೀವು ಬರೆದಿರುವುದು ಸರಿಯಾಗಿ ಹೀಗೇ ಇದೆ.

ಇನ್ನು ಬೆನ್ನಿನ ಇಂಜೆಕ್ಷನ್. ಕೊಡಗಿನ ಎಷ್ಟೋ ಮನೆಗಳಲ್ಲಿ ಈ ವಾದ ಕೇಳಿದ್ದೇನೆ. ಕೆಲವರು ಬೆನ್ನಿನ ಇಂಜೆಕ್ಷನ್ ಬೇಡ ಅಂತಾರೆ, ಕೆಲವರು ಪೂರ್ತಿ ಅರಿವಳಿಕೆ ಕೊಟ್ಟಿದ್ದಕ್ಕೇ ಹೀಗಾಯಿತು ಅಂತಾರೆ. ವೈದ್ಯರಲ್ಲೂ ಎರಡು ಪಂಗಡ ಇತ್ತು. ಅದನ್ನು 2021ರಲ್ಲಿ ಬಂದ ಎರಡು ದೊಡ್ಡ ಅಧ್ಯಯನಗಳು ಪರೀಕ್ಷೆಗೆ ಒಡ್ಡಿದವು. ಎರಡರಲ್ಲೂ ಸೊಂಟ ಮುರಿದವರನ್ನೇ ತೆಗೆದುಕೊಂಡು, ಯಾರಿಗೆ ಯಾವ ಅರಿವಳಿಕೆ ಎಂದು ಚೀಟಿ ಎತ್ತಿದ ಹಾಗೆ ಹಂಚಿದರು. ಅಮೆರಿಕ ಮತ್ತು ಕೆನಡಾದಲ್ಲಿ 1600 ಜನರ ಮೇಲೆ ನಡೆದದ್ದರಲ್ಲಿ ಬೆನ್ನಿಗೆ ಕೊಟ್ಟವರಲ್ಲಿ ಶೇಕಡಾ 20.5, ಪೂರ್ತಿ ಪ್ರಜ್ಞೆ ತಪ್ಪಿಸಿದವರಲ್ಲಿ ಶೇಕಡಾ 19.7 ಜನರಿಗೆ ಸನ್ನಿ ಬಂತು. ಚೀನಾದಲ್ಲಿ 950 ಜನರ ಮೇಲೆ ನಡೆದದ್ದರಲ್ಲಿ 6.2 ಮತ್ತು 5.1. ಈ ಎರಡೂ ಅಂತರಗಳು ಆಕಸ್ಮಿಕವಾಗಿ ಬರುವಷ್ಟು ಸಣ್ಣವು. ಆದ್ದರಿಂದ ಬೇರೆ ಅರಿವಳಿಕೆ ಆರಿಸಿದ್ದರೆ ಅವ್ವ ಚೆನ್ನಾಗಿರುತ್ತಿದ್ದರು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನೀವು ಸಹಿ ಹಾಕಿದ್ದು ತಪ್ಪಾಯಿತು ಎಂದೂ ಕೊರಗಬೇಡಿ.

ಹಾಗಾದರೆ ಯಾಕೆ ಬಂತು? ಒಂದೇ ಕಾರಣ ಹುಡುಕಿದರೆ ಸಿಗುವುದಿಲ್ಲ. ಸನ್ನಿಗೆ ಸಾಮಾನ್ಯವಾಗಿ ಹತ್ತಾರು ಸಣ್ಣ ಕಾರಣಗಳು ಸೇರಬೇಕು. ನಿಮ್ಮ ಅವ್ವನಿಗೆ ಕಣ್ಣಿನ ಪೊರೆ ಇದೆ. ಮಂದ ಬೆಳಕಿನ ವಾರ್ಡಿನಲ್ಲಿ ಅವರಿಗೆ ಏನು ಕಂಡಿರಬಹುದು, ಯೋಚಿಸಿ. ಗೋಡೆಗೆ ನೇತು ಹಾಕಿದ ಬಟ್ಟೆ ಮನುಷ್ಯನ ಹಾಗೆ ಕಾಣುತ್ತದೆ. ಮುರಿದ ಸೊಂಟ ಇಟ್ಟುಕೊಂಡು ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್ ಹೋಗಿದ್ದಾರೆ. ಪ್ರತಿ ತಿರುವಿಗೂ ನೋವು. ನೋವಿಗೆ ಔಷಧಿ ಕೊಟ್ಟರೆ ತಲೆ ಮಂಪರಾಗುತ್ತದೆ ಎಂದು ಹೆದರಿ ಕಡಿಮೆ ಕೊಡುವ ರೂಢಿ ಇನ್ನೂ ಇದೆ. ಆದರೆ 2003ರ ಒಂದು ಅಧ್ಯಯನದಲ್ಲಿ ಕಂಡದ್ದು ಬೇರೆಯೇ. ಸೊಂಟ ಮುರಿದವರಲ್ಲಿ, ಮೊದಲು ಬುದ್ಧಿ ಚುರುಕಾಗಿಯೇ ಇದ್ದವರಿಗೆ ನೋವು ಸರಿಯಾಗಿ ಇಳಿಸದೆ ಬಿಟ್ಟರೆ ಸನ್ನಿ ಬರುವ ಸಾಧ್ಯತೆ ಒಂಬತ್ತು ಪಟ್ಟು ಜಾಸ್ತಿ ಇತ್ತು. ಹಾಗಾಗಿ ಘಟ್ಟದ ದಾರಿಯಲ್ಲಿ ಹೊರಡುವ ಮೊದಲೇ, ಮೊದಲು ನೋಡಿದ ಆಸ್ಪತ್ರೆಯಲ್ಲೇ ನೋವು ಇಳಿಸಿ ಕಳಿಸುವಂತೆ ಕೇಳಿ. ತೊಡೆಸಂದಿನ ಹತ್ತಿರ ನರಕ್ಕೆ ಕೊಡುವ ಮರಗಟ್ಟಿಸುವ ಇಂಜೆಕ್ಷನ್ ಇದೆ. ಅದು ತಲೆಗೆ ಏರದೆ ನೋವು ಮಾತ್ರ ತಗ್ಗಿಸುತ್ತದೆ. ಇದು ಮುಂದೆ ನಿಮ್ಮ ಊರಿನ ಬೇರೆ ಮನೆಗಾದರೂ ಬೇಕಾಗಬಹುದು, ಅದಕ್ಕೇ ಬರೆಯುತ್ತಿದ್ದೇನೆ.

ಮೂರನೇ ದಿನದವರೆಗೆ ಕಾದದ್ದರ ಬಗ್ಗೆಯೂ ಹೇಳಬೇಕು. 2020ರಲ್ಲಿ 17 ದೇಶಗಳ 2970 ಜನರ ಮೇಲೆ ನಡೆದ ಅಧ್ಯಯನದಲ್ಲಿ ಒಂದು ಗುಂಪಿಗೆ ಸುಮಾರು 6 ಗಂಟೆಯೊಳಗೆ, ಇನ್ನೊಂದಕ್ಕೆ ಸುಮಾರು 24 ಗಂಟೆಗೆ ಆಪರೇಷನ್ ಆಯಿತು. ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ಸನ್ನಿ ಮಾತ್ರ ಬೇಗ ಮಾಡಿದವರಲ್ಲಿ ಶೇಕಡಾ 9, ತಡವಾದವರಲ್ಲಿ ಶೇಕಡಾ 12. ಬೇಗ ಆದಷ್ಟು ಒಳ್ಳೆಯದು ನಿಜ. ಆದರೆ ರಕ್ತ ತೆಳುವಾಗುವ ಮಾತ್ರೆ, ಹೃದಯದ ಪರೀಕ್ಷೆ, ಹಾಸಿಗೆ ಸಿಗುವುದು, ಇವೆಲ್ಲ ಮನೆಯವರ ಕೈಯಲ್ಲಿ ಇರುವುದಿಲ್ಲ. ಆ ಭಾರ ನಿಮ್ಮ ತಲೆಗೆ ಕಟ್ಟಿಕೊಳ್ಳಬೇಡಿ.

ಇನ್ನೊಂದು ಕಾರಣ ನಮ್ಮ ಜಿಲ್ಲೆಯವರಿಗೆ ತುಂಬಾ ಮುಖ್ಯ. ಅದು ಭಾಷೆ. ಕೊಡವ ತಕ್ಕ್, ಅರೆಭಾಷೆ, ಬ್ಯಾರಿ, ಮಲಯಾಳ, ಯರವ, ಹೀಗೆ ನಮ್ಮ ಹಿರಿಯರು ಮನೆಯಲ್ಲಿ ಆಡುವ ಮಾತು ಬೇರೆ, ಪೇಟೆಯಲ್ಲಿ ಆಡುವ ಕನ್ನಡ ಬೇರೆ. ಸನ್ನಿ ಹಿಡಿದಾಗ ಕಲಿತ ಭಾಷೆ ಕೈಕೊಟ್ಟು, ಎಳವೆಯ ಭಾಷೆ ಮಾತ್ರ ಉಳಿಯಬಹುದು. ಮೈಸೂರಿನ ನರ್ಸ್‌ಗೆ ಅದು ಅರ್ಥವಿಲ್ಲದ ಗೊಣಗಾಟದ ಹಾಗೆ ಕೇಳುತ್ತದೆ. ಒಬ್ಬ ಅಜ್ಜಿ ಎರಡು ದಿನ ಅರೆಭಾಷೆಯಲ್ಲಿ "ಉಚ್ಚೆ ಬರುತ್ತಿದೆ" ಅಂತಲೇ ಕೂಗುತ್ತಿದ್ದರು. ಬಡಬಡಿಕೆ ಎಂದು ಕೇಸ್ ಶೀಟಿನಲ್ಲಿ ಬರೆದಿತ್ತು. ಮಗಳು ಬಂದು ಕೇಳಿಸಿಕೊಂಡ ಮೇಲೆ ಗೊತ್ತಾಯಿತು, ಮೂತ್ರ ಕಟ್ಟಿಕೊಂಡು ಹೊಟ್ಟೆ ಉಬ್ಬಿತ್ತು. ಮೂತ್ರ ಹೊರಗೆ ಹೋದ ರಾತ್ರಿಯೇ ಅರ್ಧ ಸನ್ನಿ ಇಳಿಯಿತು. ಮೂತ್ರ ಕಟ್ಟುವುದು, ಮಲಬದ್ಧತೆ, ಸೋಡಿಯಂ ಇಳಿಯುವುದು, ಆಮ್ಲಜನಕ ಕಡಿಮೆಯಾಗುವುದು, ಎದೆಯಲ್ಲಿ ಕಫದ ಸೋಂಕು, ಇವನ್ನು ಮೊದಲು ಹುಡುಕಬೇಕು. ಸನ್ನಿಗೆ ಚಿಕಿತ್ಸೆ ಎಂದರೆ ಮುಖ್ಯವಾಗಿ ಅದರ ಹಿಂದಿನ ಕಾರಣಕ್ಕೆ ಚಿಕಿತ್ಸೆ.

ಕೈ ಕಟ್ಟಿದ್ದರ ಬಗ್ಗೆ ನೀವು ದೂರಿಲ್ಲ, ಆದರೂ ಹೇಳುತ್ತೇನೆ. 1996ರಲ್ಲೇ ಅಮೆರಿಕದ ವೈದ್ಯೆ ಶರೋನ್ ಇನೋಯೆ ಮತ್ತು ಅವರ ಜೊತೆಗಾರರು ಆಸ್ಪತ್ರೆಯಲ್ಲಿ ಸನ್ನಿ ತರಿಸುವ ಐದು ವಿಷಯಗಳನ್ನು ಗುರುತಿಸಿದರು. ಕಟ್ಟಿ ಹಾಕುವುದು, ಸರಿಯಾಗಿ ಊಟ ಸೇರದಿರುವುದು, ಒಮ್ಮೆಲೇ ಮೂರಕ್ಕಿಂತ ಹೆಚ್ಚು ಹೊಸ ಔಷಧಿ ಸೇರಿಸುವುದು, ಮೂತ್ರದ ನಳಿಕೆ, ಆಸ್ಪತ್ರೆಯ ಚಿಕಿತ್ಸೆಯಿಂದಲೇ ಆಗುವ ತೊಂದರೆ. ನೋಡಿ, ಇವೆಲ್ಲ ವಾರ್ಡಿನಲ್ಲಿ ದಿನವೂ ನಡೆಯುವಂಥವು. ರಾತ್ರಿ ಪಾಳಿಯಲ್ಲಿ ಒಬ್ಬ ನರ್ಸ್ ಮೂವತ್ತು ಜನರನ್ನು ನೋಡಬೇಕಾದಾಗ, ರೋಗಿ ಬಿದ್ದರೆ ಎಂಬ ಹೆದರಿಕೆಯಿಂದ ಕೈ ಕಟ್ಟುತ್ತಾರೆ. ಅವರ ಕಷ್ಟ ನನಗೆ ಗೊತ್ತು. ಆದರೆ ಕಟ್ಟಿದ ಕೈ ಇನ್ನೂ ಎಳೆದಾಡುತ್ತದೆ, ಭಯ ಇನ್ನೂ ಏರುತ್ತದೆ. ಮನೆಯವರೊಬ್ಬರು ಪಕ್ಕದಲ್ಲಿ ಕೈ ಹಿಡಿದು ಕೂತರೆ ಕಟ್ಟುವ ಅಗತ್ಯ ಹೆಚ್ಚಿನ ಸಲ ಬರುವುದೇ ಇಲ್ಲ. "ನಾನು ಕೂತಿರುತ್ತೇನೆ, ಕಟ್ಟಬೇಡಿ" ಎಂದು ಕೇಳುವ ಹಕ್ಕು ನಿಮಗಿದೆ.

ಇಂಜೆಕ್ಷನ್ ವಿಷಯದಲ್ಲಿ ಈಚಿನ ಸಂಶೋಧನೆ ನಮ್ಮ ರೂಢಿಯನ್ನೇ ಪ್ರಶ್ನಿಸಿದೆ. ಹ್ಯಾಲೋಪೆರಿಡಾಲ್ ಎಂಬ ಔಷಧಿಯನ್ನು ಸನ್ನಿಗೆ ದಶಕಗಳಿಂದ ಕೊಡುತ್ತಾ ಬಂದಿದ್ದೇವೆ. 2018ರಲ್ಲಿ ತೀವ್ರ ನಿಗಾ ಘಟಕದ 566 ಸನ್ನಿ ರೋಗಿಗಳಲ್ಲಿ ಕೆಲವರಿಗೆ ಇದನ್ನು, ಕೆಲವರಿಗೆ ಇನ್ನೊಂದು ಔಷಧಿಯನ್ನು, ಕೆಲವರಿಗೆ ಬರೀ ಸಲೈನ್ ಕೊಟ್ಟರು. ಯಾರಿಗೆ ಯಾವುದು ಎಂದು ವೈದ್ಯರಿಗೂ ಗೊತ್ತಿರಲಿಲ್ಲ. ಸನ್ನಿ ಇದ್ದ ದಿನಗಳು ಮೂರೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ. 2022ರಲ್ಲಿ ಯುರೋಪಿನಲ್ಲಿ ಸಾವಿರ ರೋಗಿಗಳ ಮೇಲೆ ನಡೆದ ಅಧ್ಯಯನವೂ ಹ್ಯಾಲೋಪೆರಿಡಾಲ್‌ನಿಂದ ಸ್ಪಷ್ಟ ಲಾಭ ತೋರಿಸಲಿಲ್ಲ. ನಿದ್ದೆಯ ಹಾರ್ಮೋನ್ ಮೆಲಟೋನಿನ್ ಕೊಟ್ಟರೆ ಸನ್ನಿ ತಡೆಯಬಹುದೇ ಎಂದು ಅದೇ ವರ್ಷ ನಿಗಾ ಘಟಕದ 850 ಜನರಲ್ಲಿ ನೋಡಿದರು. ಅಲ್ಲೂ ವ್ಯತ್ಯಾಸ ಇಲ್ಲ. ಇವೆಲ್ಲ ನಿಗಾ ಘಟಕದ ರೋಗಿಗಳ ಲೆಕ್ಕ, ಸಾಮಾನ್ಯ ವಾರ್ಡಿಗೆ ಹಾಗೇ ಅನ್ವಯಿಸಲು ಬರುವುದಿಲ್ಲ. ಆದರೂ ನನ್ನ ಅಭಿಪ್ರಾಯ ಇದು: ರೋಗಿ ತನಗೋ ಬೇರೆಯವರಿಗೋ ಅಪಾಯ ಮಾಡಿಕೊಳ್ಳುವ ಹಾಗಿದ್ದರೆ, ಅತಿ ಕಡಿಮೆ ಪ್ರಮಾಣದಲ್ಲಿ, ಕೆಲವೇ ದಿನ. ಸುಮ್ನೆ ವಾರ್ಡ್ ಶಾಂತವಾಗಿರಲಿ ಎಂದು ಕೊಡುವುದು ಸರಿಯಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಇಂಥ ಮಾತ್ರೆ ಇನ್ನೂ ಮುಂದುವರಿದಿದೆಯೇ ಎಂದು ಇವತ್ತೇ ನೋಡಿ. ಎಷ್ಟೋ ಸಲ ಅದನ್ನು ನಿಲ್ಲಿಸಲು ಯಾರೂ ಹೇಳಿರುವುದಿಲ್ಲ, ತಿಂಗಳುಗಟ್ಟಲೆ ನುಂಗುತ್ತಾ ಇರುತ್ತಾರೆ. ಇದ್ದರೆ ವೈದ್ಯರನ್ನು ಕೇಳಿ ಇಳಿಸಿ.

ಅದೇ ಚೀಟಿಯಲ್ಲಿ ಇನ್ನೂ ಕೆಲವನ್ನು ಹುಡುಕಿ. ಅವಿಲ್, ಫೆನರ್ಗಾನ್ ಜಾತಿಯ ತುರಿಕೆ-ಅಲರ್ಜಿಯ ಔಷಧಿಗಳು, ಮೂತ್ರ ಪದೇ ಪದೇ ಬಾರದಿರಲು ಕೊಡುವ ಕೆಲವು ಮಾತ್ರೆಗಳು, ನಿದ್ದೆ ಮಾತ್ರೆ, ಟ್ರಮಡಾಲ್ ಎಂಬ ನೋವಿನ ಔಷಧಿ. ವಯಸ್ಸಾದವರ ಮಿದುಳನ್ನು ಇವು ಮಬ್ಬು ಮಾಡುತ್ತವೆ. ಆದರೆ ವರ್ಷಗಳಿಂದ ತಗೊಳ್ಳುತ್ತಿದ್ದ ನಿದ್ದೆ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬೇಡಿ, ಅದರಿಂದಲೇ ಸನ್ನಿ ಬರಬಹುದು.

ಇಲ್ಲಿ ಒಂದು ವಿಷಯ ಬಿಚ್ಚಿ ಹೇಳಬೇಕು, ನಿಮ್ಮ ಅವ್ವನಿಗಲ್ಲ, ಓದುತ್ತಿರುವ ಬೇರೆಯವರಿಗೆ. ನಮ್ಮಲ್ಲಿ ಸಂಜೆ ಒಂದೆರಡು ಪೆಗ್ ತಗೊಳ್ಳುವ ಹಿರಿಯರು ಎಷ್ಟೋ ಜನ. ಅದು ಮನೆಯ ರೂಢಿಯಾದ್ದರಿಂದ ಕುಡಿತ ಎಂದೇ ಯಾರೂ ಲೆಕ್ಕ ಹಾಕುವುದಿಲ್ಲ. ಆಸ್ಪತ್ರೆಯಲ್ಲಿ ಕೇಳಿದಾಗ "ಇಲ್ಲ ಡಾಕ್ಟ್ರೇ" ಅಂದುಬಿಡುತ್ತಾರೆ. ಕೊನೆಯ ಸಲ ಕುಡಿದ ಎರಡರಿಂದ ನಾಲ್ಕು ದಿನದೊಳಗೆ ಕೈ ನಡುಕ, ಬೆವರು, ಭಯ, ಇಲ್ಲದ್ದು ಕಾಣುವುದು ಶುರುವಾದರೆ ಅದು ಮದ್ಯ ನಿಂತದ್ದರ ಸನ್ನಿ. ಅದರ ಚಿಕಿತ್ಸೆ ಬೇರೆಯೇ. ಬೇರೆ ಸನ್ನಿಯಲ್ಲಿ ನಾವು ದೂರ ಇಡುವ ಲೊರಜೆಪಾಮ್ ಜಾತಿಯ, ಮಂಪರು ತರುವ ಔಷಧಿಯೇ ಇಲ್ಲಿ ಬೇಕು, ಜೊತೆಗೆ ಥಯಾಮಿನ್ ಎಂಬ ವಿಟಮಿನ್. ಸಿಗದಿದ್ದರೆ ಜೀವ ಹೋಗಬಹುದು. ನಾಚಿಕೆ ಪಡದೆ ಎಷ್ಟು, ಯಾವಾಗಿನಿಂದ ಎಂದು ಡಾಕ್ಟರಿಗೆ ಹೇಳಿ.

ಹಾಗಾದರೆ ಸನ್ನಿಗೆ ನಿಜವಾಗಿ ಕೆಲಸ ಮಾಡುವುದು ಏನು? ಉತ್ತರ ತುಂಬಾ ಸರಳ. ಅದಕ್ಕೇ ಇರಬೇಕು ಅದನ್ನು ಜನ ಗಂಭೀರವಾಗಿ ತಗೊಳ್ಳುವುದಿಲ್ಲ. 1999ರಲ್ಲಿ ಇದೇ ಇನೋಯೆ ಅವರ ತಂಡ 70 ದಾಟಿದ 852 ರೋಗಿಗಳನ್ನು ನೋಡಿತು. ಒಂದು ಗುಂಪಿಗೆ ಸಮಯಕ್ಕೆ ನೀರು, ಕನ್ನಡಕ, ಕಿವಿ ಕೇಳುವ ವ್ಯವಸ್ಥೆ, ದಿನಕ್ಕೆ ಮೂರು ಸಲ ಎಬ್ಬಿಸಿ ನಡೆಸುವುದು, ರಾತ್ರಿ ಸದ್ದು ಕಡಿಮೆ ಮಾಡುವುದು, ಇದು ಯಾವ ದಿನ, ಎಲ್ಲಿದ್ದೀರಿ ಎಂದು ನೆನಪಿಸುತ್ತಾ ಮಾತಾಡಿಸುವುದು. ಇಷ್ಟೇ. ಸನ್ನಿ ಶೇಕಡಾ 15ರಿಂದ 9.9ಕ್ಕೆ ಇಳಿಯಿತು. ಅಲ್ಲಿ ಸ್ವಯಂಸೇವಕರು ಮಾಡಿದ್ದನ್ನು ಚೀನಾದ ಚೆಂಗ್ಡು ನಗರದ ಆಸ್ಪತ್ರೆಯೊಂದರಲ್ಲಿ ಮನೆಯವರ ಕೈಯಲ್ಲೇ ಮಾಡಿಸಿದರು. 2020ರಲ್ಲಿ ಬಂದ ಆ ವರದಿಯಲ್ಲಿ, ಮೊದಲೇ ದಿನ ಗೊತ್ತುಮಾಡಿ ಆಪರೇಷನ್ ಮಾಡಿಸಿಕೊಂಡ 281 ಹಿರಿಯರಿದ್ದರು. ಮನೆಯವರು ಜೊತೆ ಸೇರಿದ ಗುಂಪಿನಲ್ಲಿ ಸನ್ನಿ ಶೇಕಡಾ 2.6, ಉಳಿದವರಲ್ಲಿ 19.4. ಒಂದೇ ಆಸ್ಪತ್ರೆಯ ಲೆಕ್ಕ, ಎಲ್ಲ ಕಡೆ ಇಷ್ಟೇ ಫಲ ಸಿಗುತ್ತದೆ ಎನ್ನಲಾರೆ. ಆದರೆ ಈ ಸಂಖ್ಯೆ ಓದಿದಾಗ ನನಗೆ ನಮ್ಮೂರೇ ನೆನಪಾಯಿತು. ಅವ್ವ ಆಸ್ಪತ್ರೆ ಸೇರಿದರೆ ತೋಟದ ಕೆಲಸ ಬಿಟ್ಟು ಬರುವ ಮಗ, ಗಂಜಿ ಮಾಡಿ ಕಳಿಸುವ ಸೊಸೆ, ಸರದಿಯಲ್ಲಿ ರಾತ್ರಿ ಕೂರುವ ದಾಯಾದಿಗಳು ಇಲ್ಲಿ ಇನ್ನೂ ಇದ್ದಾರೆ. ಏನು ಮಾಡಬೇಕು ಎಂದು ಮಾತ್ರ ಯಾರೂ ಅವರಿಗೆ ಹೇಳಿಕೊಟ್ಟಿಲ್ಲ. ಬಾಗಿಲ ಹೊರಗಿನ ಬೆಂಚಿನಲ್ಲಿ ಕಾಯಿಸುತ್ತೇವೆ.

ಹಾಗಾಗಿ ಮುಂದೆ ಯಾವ ಕಾರಣಕ್ಕೆ ದಾಖಲಾದರೂ ಕನ್ನಡಕ, ಹಲ್ಲಿನ ಸೆಟ್, ಕಿವಿಯ ಯಂತ್ರ, ಮನೆಯ ಒಂದು ಹೊದಿಕೆ ತಗೊಂಡು ಹೋಗಿ. ರಾತ್ರಿಗೆ ಪರಿಚಯದ ಮುಖವೇ ಇರಲಿ, ದಿನಕ್ಕೊಬ್ಬರು ಬದಲಾಗಬಾರದು. ಅವರ ಭಾಷೆಯಲ್ಲೇ ಮಾತಾಡಿ. "ದನ ಕಟ್ಟಿಲ್ಲ" ಅಂದರೆ ವಾದ ಮಾಡಬೇಡಿ. "ಕಟ್ಟಿ ಆಯಿತು ಅವ್ವ, ಹುಲ್ಲೂ ಹಾಕಿದೆ. ಇದು ಮೈಸೂರು ಆಸ್ಪತ್ರೆ, ಕಾಲು ಸರಿ ಮಾಡಲು ಬಂದಿದ್ದೇವೆ" ಅನ್ನಿ. ಮೂತ್ರದ ನಳಿಕೆ ಇನ್ನೂ ಬೇಕಾ ಎಂದು ದಿನವೂ ಬೆಳಿಗ್ಗೆ ರೌಂಡ್ಸ್‌ನಲ್ಲಿ ಕೇಳಿ. ಉಪವಾಸದ ಬಗ್ಗೆಯೂ ಕೇಳಿ. ಆಪರೇಷನ್‌ಗೆ ಎರಡು ಗಂಟೆ ಮೊದಲಿನವರೆಗೆ ನೀರು, ಹಾಲು ಹಾಕದ ಕರಿ ಕಾಫಿ ಕುಡಿಯಬಹುದು ಎನ್ನುವುದು ಅರಿವಳಿಕೆ ತಜ್ಞರ ಸಾಮಾನ್ಯ ಮಾರ್ಗಸೂಚಿ. ನಮ್ಮ ಬೆಲ್ಲದ ಕಾಫಿಯೂ ಆಗಬಹುದು. ನಿಮ್ಮ ಅವ್ವನಿಗೆ ಆಗುತ್ತದೆಯೇ ಎಂದು ಅರಿವಳಿಕೆ ವೈದ್ಯರೇ ಹೇಳಬೇಕು. ಮಧ್ಯರಾತ್ರಿಯಿಂದ ಮಧ್ಯಾಹ್ನದವರೆಗೆ ಒಣ ಬಾಯಲ್ಲಿ ಮಲಗಿಸುವುದು ಯಾರಿಗೂ ಒಳ್ಳೆಯದಲ್ಲ.

ಕೂಗಾಡುವ ಸನ್ನಿಯಾದರೂ ಎಲ್ಲರ ಗಮನ ಸೆಳೆಯುತ್ತದೆ. ನನಗೆ ಜಾಸ್ತಿ ಭಯ ಸುಮ್ಮನೆ ಮಲಗುವ ಸನ್ನಿಯದ್ದು. ನಾನು ಕಲಿಯುತ್ತಿದ್ದ ಕಾಲದಲ್ಲಿ ಒಬ್ಬ ಅಜ್ಜ ಇದ್ದರು. ಆಪರೇಷನ್ ಆದ ಮೇಲೆ ಎರಡು ದಿನ ಕಣ್ಣು ಮುಚ್ಚಿ ಮಲಗಿದ್ದರು. ಕರೆದರೆ "ಹೂಂ" ಅನ್ನುತ್ತಿದ್ದರು. ತಂಟೆ ಇಲ್ಲದ ರೋಗಿ ಎಂದು ನಾವೆಲ್ಲ ಮುಂದೆ ಹೋಗುತ್ತಿದ್ದೆವು. ಅವರ ಹೆಂಡತಿ ಮಾತ್ರ "ಇದು ಅವರಲ್ಲ, ಅವರು ಹೀಗೆ ಮಲಗುವವರಲ್ಲ" ಎಂದು ಹೇಳುತ್ತಲೇ ಇದ್ದರು. ಮೂರನೇ ದಿನ ಎಕ್ಸ್‌ರೇ ತೆಗೆದಾಗ ಎರಡೂ ಕಡೆ ನ್ಯುಮೋನಿಯಾ. ಅಜ್ಜ ಉಳಿಯಲಿಲ್ಲ. ಆ ಅಜ್ಜಿಯ ಮಾತು ಆವತ್ತೇ ಕೇಳಿದ್ದರೆ ಎಂದು ಈಗಲೂ ಅನಿಸುತ್ತದೆ. "ಇವರು ಹೀಗಿರುವವರಲ್ಲ" ಎಂದು ಮನೆಯವರು ಹೇಳುವುದನ್ನು ನಾನು ಈಗ ಜ್ವರದಷ್ಟೇ ಮುಖ್ಯವಾದ ಲಕ್ಷಣ ಎಂದು ತಗೊಳ್ಳುತ್ತೇನೆ. ಎಡಿನ್‌ಬರೋದಲ್ಲಿ ರೂಪಿಸಿದ, ಎರಡು ನಿಮಿಷದ 4ಎಟಿ ಎಂಬ ಪರೀಕ್ಷೆಯಲ್ಲೂ ನಾಲ್ಕು ಅಂಶಗಳಲ್ಲಿ ಒಂದು ಇದೇ: ಇದ್ದಕ್ಕಿದ್ದ ಹಾಗೆ ಬದಲಾಗಿದ್ದಾರೆಯೇ? ಅದಕ್ಕೆ ಉತ್ತರ ಕೊಡಬಲ್ಲವರು ಮನೆಯವರೇ ಅಲ್ವಾ?

ಈಗ ಅವ್ವನ ಮುಂದಿನ ದಿನಗಳು. ಸನ್ನಿ ಹಲವರಲ್ಲಿ ಕೆಲವು ದಿನಗಳಲ್ಲಿ ಹೋಗುತ್ತದೆ, ಕೆಲವರಲ್ಲಿ ವಾರ, ತಿಂಗಳು ಬೇಕಾಗುತ್ತದೆ. ಮೂರು ವಾರಕ್ಕೆ ಹಗಲು ಸರಿಯಾಗಿರುವುದು ಒಳ್ಳೆಯ ಸೂಚನೆ. ನಿಮ್ಮಿಂದ ಮುಚ್ಚಿಡಬಾರದ ಮಾತೂ ಒಂದಿದೆ. 2024ರಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಆಸ್ಪತ್ರೆ ದಾಖಲೆಗಳಿಂದ, ಸನ್ನಿ ಬಂದ 55,211 ಹಿರಿಯರನ್ನು ಅದೇ ವಯಸ್ಸಿನ, ಅಂಥದೇ ಕಾಯಿಲೆಯ, ಸನ್ನಿ ಬಾರದ ಅಷ್ಟೇ ಜನರ ಜೊತೆ ಹೋಲಿಸಿದರು. ಮುಂದಿನ ವರ್ಷಗಳಲ್ಲಿ ಮರೆವಿನ ಕಾಯಿಲೆ ಬರುವ ಅಪಾಯ ಸನ್ನಿ ಬಂದವರಲ್ಲಿ ಸುಮಾರು ಮೂರು ಪಟ್ಟು ಇತ್ತು. ಸನ್ನಿ ಮತ್ತೆ ಬಂದಷ್ಟೂ ಪ್ರತಿ ಸಲಕ್ಕೆ ಅಪಾಯ ಇನ್ನೂ ಶೇಕಡಾ 20ರಷ್ಟು ಏರಿತು. ಇದು ಅವ್ವನಿಗೆ ಬಂದೇ ಬರುತ್ತದೆ ಎಂದಲ್ಲ. ಸನ್ನಿಯೇ ಮರೆವನ್ನು ತಂದಿತೋ, ಮೊದಲೇ ಒಳಗಿದ್ದ ಮರೆವು ಸನ್ನಿಯಾಗಿ ಕಾಣಿಸಿತೋ ಎಂದು ಆ ಲೆಕ್ಕದಿಂದ ಬಿಡಿಸಿ ಹೇಳಲಾಗುವುದಿಲ್ಲ. ಆದರೆ ಎರಡನೇ ಸಲ ಬಾರದ ಹಾಗೆ ನೋಡಿಕೊಳ್ಳುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಆರು ತಿಂಗಳು ಕಳೆದ ಮೇಲೆ ಒಮ್ಮೆ ಜ್ಞಾಪಕಶಕ್ತಿ ಪರೀಕ್ಷೆ ಮಾಡಿಸಿ, ಈಗಲೇ ಬೇಡ.

ಮನೆಯಲ್ಲಿ ನೀವೇ ನೋಡಬಹುದಾದ ಒಂದು ಪರೀಕ್ಷೆ ಇದೆ. ವಾರದ ದಿನಗಳನ್ನು ಹಿಂದಿನಿಂದ ಹೇಳಿಸಿ: ಶನಿವಾರ, ಶುಕ್ರವಾರ, ಗುರುವಾರ, ಹೀಗೆ. ಯಾವ ಭಾಷೆಯಲ್ಲಾದರೂ ಸರಿ. ಹುಟ್ಟಿದ ತಾರೀಕು ಕೇಳಬೇಡಿ, ನಮ್ಮ ಎಷ್ಟೋ ಹಿರಿಯರಿಗೆ ಅದು ಮೊದಲಿನಿಂದಲೂ ಗೊತ್ತಿಲ್ಲ. ನಿನ್ನೆ ಸರಾಗವಾಗಿ ಹೇಳಿದವರು ಇವತ್ತು ಮಂಗಳವಾರದಲ್ಲಿ ಸಿಕ್ಕಿಕೊಂಡರೆ, ಅಥವಾ ಇಡೀ ದಿನ ತೂಕಡಿಸಿದರೆ, ಜ್ವರ, ಉಸಿರಾಟದ ಕಷ್ಟ, ಮೂತ್ರ ಕಟ್ಟುವುದು, ಕಾಲು ಊತ ಇದ್ದರೆ ಅದೇ ದಿನ ಆಸ್ಪತ್ರೆಗೆ ತೋರಿಸಿ. ಬಾಯಿ ಸೊಟ್ಟಗಾಗುವುದು, ಒಂದು ಕೈ ಸೋಲುವುದು ಕಂಡರೆ ಗಂಟೆಯೂ ಕಾಯಬೇಡಿ.

ಸಂಜೆ ಆರಕ್ಕೆ ಮೊದಲೇ ಎಲ್ಲ ಲೈಟ್ ಹಾಕಿ. ನಮ್ಮಲ್ಲಿ ಕರೆಂಟ್ ಹೋಗುವುದು ಹೊಸದಲ್ಲ, ಅವರ ಕೋಣೆಗೆ ಚಾರ್ಜ್ ಆಗುವ ದೀಪ ಇಡಿ. ಬಚ್ಚಲಿಗೆ ಹೋಗುವ ದಾರಿಯಲ್ಲಿ ಹೊಸ್ತಿಲು, ಚಾಪೆ, ಚೀಲ ಇರಬಾರದು. ಮನೆಯಲ್ಲಿ ಕೋವಿ ಇದ್ದರೆ ತೋಟೆ ಬೇರೆ ಕಡೆ, ಕೋವಿ ಬೇರೆ ಕಡೆ ಬೀಗ ಹಾಕಿಡಿ. ಕೋವಿಗೆ ನಮ್ಮಲ್ಲಿ ಎಷ್ಟು ಗೌರವ ಇದೆ ಎಂದು ಗೊತ್ತು. ಆದರೆ ಮುಸ್ಸಂಜೆಯ ಗೊಂದಲದಲ್ಲಿ ಕಳ್ಳ ಬಂದ, ಆನೆ ಬಂತು ಎಂದು ಅನಿಸುವುದು ಸನ್ನಿಯಲ್ಲಿ ತೀರಾ ಸಾಮಾನ್ಯ. ತೋಟಕ್ಕೆ ಹೊಡೆಯುವ ಔಷಧಿಯ ಬಾಟಲಿಗಳಿಗೂ ಇದೇ ಮಾತು.

ಎರಡನೇ ಸಲ ಮುರಿಯದ ಹಾಗೆ ಮೂಳೆಯನ್ನೂ ಗಟ್ಟಿ ಮಾಡಬೇಕು. ನಮ್ಮಲ್ಲಿ ರಾಡ್ ಹಾಕಿ ಕಳಿಸುತ್ತಾರೆ, ಮೂಳೆ ಯಾಕೆ ಅಷ್ಟು ಸುಲಭವಾಗಿ ಮುರಿಯಿತು ಎಂದು ಕೇಳುವುದು ಕಡಿಮೆ. 2007ರಲ್ಲಿ, ಸೊಂಟದ ಆಪರೇಷನ್ ಆಗಿ 90 ದಿನದೊಳಗಿನ 2127 ಜನರ ಅಧ್ಯಯನ ಬಂತು. ವರ್ಷಕ್ಕೊಮ್ಮೆ ಜೊಲೆಡ್ರೋನಿಕ್ ಆಸಿಡ್ ಡ್ರಿಪ್ ಪಡೆದವರಲ್ಲಿ ಹೊಸ ಮೂಳೆಮುರಿತ ಶೇಕಡಾ 8.6, ಪಡೆಯದವರಲ್ಲಿ 13.9. ಸಾವೂ ಕಡಿಮೆ ಇತ್ತು, 9.6 ಮತ್ತು 13.3. ಕಿಡ್ನಿ, ಕ್ಯಾಲ್ಸಿಯಂ, ವಿಟಮಿನ್ ಡಿ ನೋಡಿಯೇ ಕೊಡಬೇಕು. ನಿಮ್ಮ ಮೂಳೆ ವೈದ್ಯರನ್ನು ಮುಂದಿನ ಭೇಟಿಯಲ್ಲೇ ಕೇಳಿ, ನೀವು ಇನ್ನೂ ಆ ಅವಧಿಯ ಒಳಗಿದ್ದೀರಿ.

ಕೊನೆಗೆ ಕಣ್ಣಿನ ಪೊರೆ. ಮಾಡಿಸಿ. ಮಂದ ಕಣ್ಣೇ ಸನ್ನಿಗೂ, ಬೀಳುವುದಕ್ಕೂ ಒಂದು ಕಾರಣ. ಪೊರೆ ತೆಗೆಯುವುದು ಕಣ್ಣಿಗೆ ಮಾತ್ರ ಮರಗಟ್ಟಿಸಿ ಮಾಡುವ ಚಿಕ್ಕ ಕೆಲಸ, ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು. ಸೊಂಟದ ಆಪರೇಷನ್‌ಗೂ ಇದಕ್ಕೂ ಹೋಲಿಕೆಯೇ ಇಲ್ಲ. ಸಂಜೆಯ ಗೊಂದಲ ಪೂರ್ತಿ ಹೋಗಿ, ಅವ್ವ ಮಲಗಿ ಅಲುಗಾಡದೆ ಇರಬಲ್ಲರು ಎನಿಸಿದ ಮೇಲೆ ದಿನ ಗೊತ್ತುಮಾಡಿ. ಮಳೆ ಹಿಡಿಯುವ ಮೊದಲೇ ಆದರೆ ಓಡಾಟಕ್ಕೆ ಸುಲಭ. ಬೆಳಗಿನ ಹೊತ್ತೇ ಕೇಳಿ. ಎರಡೂ ಕಣ್ಣು ಒಟ್ಟಿಗೆ ಬೇಡ, ಒಂದು ಕಣ್ಣು ತೆರೆದಿರಲಿ. ಹಿಂದೆ ಸನ್ನಿ ಬಂದಿತ್ತು ಎಂದು ಕಣ್ಣಿನ ವೈದ್ಯರಿಗೆ ಮೊದಲೇ ಹೇಳಿ, ಮಂಪರಿನ ಇಂಜೆಕ್ಷನ್ ಇಲ್ಲದೆ ಮಾಡಲು ಆಗುತ್ತದೆಯೇ ಎಂದು ವಿಚಾರಿಸಿ. ಪಕ್ಕದಲ್ಲಿ ನೀವೇ ಇರಿ. ಪಟ್ಟಿ ಬಿಚ್ಚಿದ ಮೇಲೆ ಅವರಿಗೆ ಮೊದಲು ಕಾಣುವುದು ನಿಮ್ಮ ಮುಖವೇ ಆಗಲಿ.